ಗ್ಲಿಸೇ ಅಂದರೆ ಜಾರುವುದು

ಚನ್ನರಾಯಪಟ್ಟಣದ ಬಸ್ ನಿಲ್ದಾಣದಲ್ಲಿ ನನ್ನ ಪಕ್ಕ ಒಬ್ಬ ಹುಡುಗಿ ಗೆಜ್ಜೆಯ ಚೀಲವನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ಕಾಡಿಗೆ ಕೆನ್ನೆಗಿಳಿದಿತ್ತು. ಜೊತೆಗಿದ್ದವರು ಅವಳ ಕಾಲೇಜಿನ ಮೇಡಂ. ಶ್ರವಣಬೆಳಗೊಳಕ್ಕೆ ಬಂದಿದ್ದ ಫ್ರಾನ್ಸಿನ ಪ್ರವಾಸಿಗರ ಮುಂದೆ ಅವಳ ನೃತ್ಯವಿತ್ತೆಂದು ಮಾತಿನಿಂದಲೇ ತಿಳಿಯಿತು.

“ತೇಜು, ಅವ್ರು ನಕ್ಕಿದ್ದು ನಿನ್ನ ನೋಡಿ ಅಲ್ಲ ಕಣೇ.”

“ಸುಮ್ನಿರಿ ಮೇಡಂ. ನನ್ ಹೆಜ್ಜೆ ತಪ್ಪಿರ್ಬೇಕು. ಇಲ್ದಿದ್ರೆ ಮುಂದೆ ಕೂತಿದ್ದ ಆ ಫ್ರೆಂಚ್ ಅಜ್ಜಿ ನನ್ನ ಹಿಡ್ಕೊಳಕ್ಕೆ ಯಾಕ್ ಓಡ್ಬರ್ತಿದ್ರು?”

“ತಪ್ಪಿದ್ದು ನನ್ ಮಾತು. ಈಗ ಇವಳು ತೇಲ್ದಂಗೆ ಸಾಗ್ತಾಳೆ, ನೋಡಿ ಅಂತ ಮೈಕಲ್ಲಿ ಅವ್ರಿಗೆ ಹೇಳಕ್ಕೆ ಹೋದೆ. ಇಂಗ್ಲಿಷಲ್ಲಿ ಗ್ಲೈಡ್ ಅಂತೀವಲ್ಲ, ಅದಕ್ಕೆ ಫ್ರೆಂಚಲ್ಲಿ ಗ್ಲಿಸೇ ಅಂತ ಡಿಕ್ಷನರೀಲಿತ್ತು.”

“ಅದಕ್ಕೇನೀಗ?”

“ಜಾರೋದಕ್ಕೂ ಅದೇ ಪದ. ನೋಡಿ, ಈಗ ಜಾರ್ತಾಳೆ ಅಂದಂಗಾಯ್ತು. ಅಜ್ಜಿ ಓಡ್ಬಂದ್ರು, ಉಳಿದೋರು ನಕ್ಬಿಟ್ರು.”

ಹುಡುಗಿ ತಲೆ ಎತ್ತಿದಳು.

“ಅದು ನಿಮ್ಗೆ ಅಲ್ಲೇ ಗೊತ್ತಾಯ್ತಾ?”

“ಹೂಂ.”

“ನಾನು ಅಳ್ತಾ ಒಳಗೆ ಓಡ್ದಾಗ ಮೈಕ್ ನಿಮ್ ಕೈಲೇ ಇತ್ತಲ್ಲ ಮೇಡಂ.”

“ನಾಚಿಕೆ ಆಯ್ತು ಕಣೇ. ಫ್ರೆಂಚ್ ಬರುತ್ತೆ ಅಂತ ಎಲ್ರ ಹತ್ರಾನೂ ಹೇಳ್ಕೊಂಡಿದ್ದೆ. ಅದಕ್ಕೇ ಅವ್ರ ಹತ್ರ, ಅವಳಿಗೆ ಇವತ್ತು ಹುಷಾರಿಲ್ಲ ಅಂದ್ಬಿಟ್ಟೆ.”

ಹಾಸನದ ಬಸ್ಸು ಬಂತು. ಹುಡುಗಿ ಎದ್ದಳು.

“ತೇಜು, ಅವ್ರು ಇವತ್ತು ಅಲ್ಲೇ ಲಾಡ್ಜಲ್ಲಿ ಉಳ್ಕೋತಾರೆ. ವಾಪಸ್ ಹೋಗಿ ನಿಜ ಹೇಳ್ಬಿಡ್ತೀನಿ. ನೀನೂ ಬರ್ತೀಯಾ?”

“ನಾನ್ಯಾಕೆ ಬರ್ಲಿ ಮೇಡಂ?”

ಅವಳು ಬಸ್ ಹತ್ತಿ ಆಚೆ ಕಡೆಯ ಕಿಟಕಿಯ ಪಕ್ಕ ಕೂತಳು. ಬಸ್ಸು ಹೊರಡುವವರೆಗೂ ನಿಂತಿದ್ದ ಮೇಡಂ, ಬೆಳಗೊಳದ ಬಸ್ಸು ಎಲ್ಲಿ ನಿಲ್ಲುತ್ತದೆ ಎಂದು ನನ್ನ ಮುಖ ನೋಡದೆಯೇ ಕೇಳಿ, ನಾನು ತೋರಿಸಿದ ಕಡೆಗೆ ನಡೆದರು.