ನಲವತ್ತೊಂದು ಸೆಕೆಂಡು

ಯುಗಾದಿ ಕಳೆದ ಭಾನುವಾರ ಟೆಕ್ಸಸ್ಸಿನ ಲಿಯಾಂಡರ್ ಊರಿನಲ್ಲಿ ಚಿತ್ರಾಳ ಮನೆಗೆ ಊಟಕ್ಕೆ ಬಂದವರು ಹನ್ನೊಂದು ಜನ. ಊಟ ಮುಗಿದು ಹೊರಡುವ ಮಾತು ಶುರುವಾಗುವಷ್ಟರಲ್ಲಿ ಆಕಾಶ ಹಸಿರುಗಪ್ಪಾಗಿ, ಎಲ್ಲರ ಫೋನುಗಳೂ ಒಟ್ಟಿಗೇ ಕಿರುಚಿಕೊಂಡವು. ಸುಂಟರಗಾಳಿ ಬರಬಹುದು, ಕಿಟಕಿಯಿಲ್ಲದ ಕಡೆ ಕೂತುಕೊಳ್ಳಿ ಎಂಬ ಎಚ್ಚರಿಕೆ. ಆ ಮನೆಯಲ್ಲಿ ಕಿಟಕಿಯಿಲ್ಲದ ಜಾಗವೆಂದರೆ ಮೆಟ್ಟಿಲ ಪಕ್ಕದ ಓಣಿ ಒಂದೇ. ಎಲ್ಲರೂ ಅಲ್ಲೇ ಗೋಡೆಗೊರಗಿ ಸಾಲಾಗಿ ಕೂತರು, ಚಿತ್ರಾಳ ತಾಯಿ ಸುಶೀಲಮ್ಮನಿಗೊಂದು ಕುರ್ಚಿ ಹಾಕಿದರು. ಸ್ವಲ್ಪ ಹೊತ್ತಿಗೆ ಕರೆಂಟೂ ಹೋಯಿತು. ಮಳೆ ಛಾವಣಿಯ ಮೇಲೆ ಜಲ್ಲಿ ಸುರಿದ ಹಾಗೆ ಬೀಳುತ್ತಿತ್ತು.

ಸುಶೀಲಮ್ಮನಿಗೆ ಎಪ್ಪತ್ತೊಂಬತ್ತು. ಮೈಸೂರು ಬಿಟ್ಟು ಮೂವತ್ತು ವರ್ಷವಾದರೂ ಮಾತಿನ ಖಾರ ಒಂದಿಷ್ಟೂ ಇಳಿದಿರಲಿಲ್ಲ. ಮೊಮ್ಮಗಳು ಶ್ರೇಯಾ ಒಂದು ದೆವ್ವದ ಕತೆ ಹೇಳೆಂದು ಪೀಡಿಸತೊಡಗಿದಾಗ ಅವರು ಎದುರಿಗೆ ಕೂತಿದ್ದ ವಿಶ್ವಾಸನ ಮುಖ ನೋಡಿದರು. ವಿಶ್ವಾಸ್ ತುಮಕೂರಿನ ಕಡೆಯವನು, ಆಸ್ಟಿನ್ನಿನಲ್ಲಿ ಓದುತ್ತಿದ್ದ. ಅವನು ತಲೆ ತಗ್ಗಿಸಿದ. ಸುಶೀಲಮ್ಮ ಸೆರಗು ಹೊದ್ದುಕೊಂಡು ಶುರು ಮಾಡಿದರು.

ದೆವ್ವ ಅಂದ್ರೆ ನಿಮಗೆಲ್ಲ ಹುಣಸೇಮರ, ಬಿಳೀ ಸೀರೆ, ಇಷ್ಟೇ ತಾನೆ? ನಾನ್ ಹೇಳೋದು ಐಸ್ ಮೇಲಿನ್ದು... ಐಸ್ ಹಾಕಿ ಆಟದ್ದು. ನಗಬೇಡಿ. ಟೆಕ್ಸಸ್ಸಿನ ಸುಡು ಬಿಸಿಲಲ್ಲಿ ಯಾವನಪ್ಪಾ ಐಸ್ ಹಾಕಿ ಆಡ್ತಾನೆ ಅಂತ ನಾನೂ ನಕ್ಕಿದ್ದೆ. ಆಗ ನಾವು ಹ್ಯೂಸ್ಟನ್ನಿನ ಪೇರ್ಲ್ಯಾಂಡಲ್ಲಿದ್ವಿ, ನಮ್ಮನೆಯವರು, ಅದೇ ಮಹಾಬಲೇಶ್ವರ ಅಂಕಲ್ಲು, ಮೆಡಿಕಲ್ ಸೆಂಟರಿನ ಲ್ಯಾಬಿಂದ ರಿಟೈರ್ ಆಗಿ ಮನೇಲಿ ಕೂತು ನನ್ನ ತಲೆ ತಿಂತಿದ್ರು, ಸೆಕೆ ಸೆಕೆ ಅಂತ ಒಂದಿನ ನಮ್ಮ ಬೀದಿ ಹಿಂದಿನ ಹಾಕಿ ರಿಂಕಿಗೆ, ಅದೇ ಐಸ್ ಅಂಗಳಕ್ಕೆ, ತಣ್ಣಗೆ ಕೂತು ಬರೋಕೆ ಹೋದೋರು, ಒಂದು ಕೆಲಸ ಹಿಡ್ಕೊಂಡು ಬಂದ್ರು.

ಟೀಮಿನ ಹೆಸರು ಹೆರನ್ಸು. ಹೆರನ್ ಅಂದ್ರೆ ಕೊಕ್ಕರೆ. ದೊಡ್ಡ ಲೀಗಲ್ಲ, ತೀರಾ ಕೆಳಗಿನ್ದು. ಹಗಲೆಲ್ಲ ಪಿಜ್ಜಾ ಡೆಲಿವರಿ ಮಾಡಿ ಸಂಜೆ ಆಡೋ ಹುಡುಗ್ರು. ಆ ಆಟದಲ್ಲಿ ಯಾರಾದ್ರೂ ತಪ್ಪು ಮಾಡಿದ್ರೆ ಎರಡು ನಿಮಿಷ ಶಿಕ್ಷೆ... ಪಕ್ಕದಲ್ಲೊಂದು ಗಾಜಿನ ಗೂಡಲ್ಲಿ ಕೂತಿರಬೇಕು, ಅಲ್ಲೀವರ್ಗೂ ಅವನ ಟೀಮು ಒಬ್ಬ ಕಮ್ಮಿ ಇಟ್ಕೊಂಡೇ ಆಡಬೇಕು. ಗಡಿಯಾರ ಸೊನ್ನೆಗೆ ಬಂದಾಗ ಆ ಗೂಡಿನ ಚಿಲಕ ಎಳೆದು ಹುಡುಗನ್ನ ಬಿಡೋಕೆ ಒಬ್ಬ ಬೇಕಲ್ಲ? ಅದೇ ನಮ್ಮನೆಯವರ ಕೆಲಸ. ಅವರ ಶಿಸ್ತು ನಿಮಗ್ಗೊತ್ತಿಲ್ಲ! ಒಂದು ಸೆಕೆಂಡು ಮುಂಚೆ ಇಲ್ಲ, ಒಂದು ಸೆಕೆಂಡು ಆಮೇಲಿಲ್ಲ. ಆಯುಧಪೂಜೆಗೆ ಆ ಚಿಲಕಕ್ಕೂ ಅರಿಶಿನ ಕುಂಕುಮ ಹಚ್ಚಿ, ಚೆಂಡುಹೂ ಸಿಗಿಸಿ ಬಂದಿದ್ರು. ಹುಡುಗ್ರೆಲ್ಲ ಮಿಸ್ಟರ್ ಮಹಾ ಅಂತ ತಲೆಮೇಲೆ ಹೊತ್ಕೊಂಡು ಮೆರೆಸ್ತಿದ್ರು.

ಅದರಲ್ಲಿ ಗ್ರೇಡಿ ಅಂತೊಬ್ಬ. ಇಪ್ಪತ್ತೆರಡು ವರ್ಷ, ಮಿನೆಸೋಟಾದವನು, ಜಗಳಗಂಟ. ಮ್ಯಾಚಿಗೆ ಎರಡು ಸಲ ಗೂಡಿಗೆ ಬರದಿದ್ರೆ ಅವನಿಗೆ ತಿಂದಿದ್ದು ಅರಗ್ತಿರಲಿಲ್ಲ. ಹಾಗಾಗಿ ನಮ್ಮನೆಯವರಿಗೂ ಅವನಿಗೂ ಎರಡೆರಡು ನಿಮಿಷದ ದೋಸ್ತಿ... ವರ್ಷವೆಲ್ಲ ಲೆಕ್ಕ ಹಾಕಿದ್ರೆ ಅದೂ ಒಂದು ದೊಡ್ಡ ಸ್ನೇಹವೇ ಅನ್ನಿ. ನಮ್ಮನೆ ಉಪ್ಪಿಟ್ಟು ತಿಂದ್ಕೊಂಡೇ ಶಿಕ್ಷೆ ಮುಗಿಸ್ತಿದ್ದ.

ಒಂದು ಆಗಸ್ಟ್ ಮಧ್ಯಾಹ್ನ. ಸಮುದ್ರದ ಕಡೆಯಿಂದ ಚಂಡಮಾರುತ ಬರ್ತಿದೆ ಅಂದ್ರೂ ನಾಳೆ ತಾನೆ ಅಂತ ಪ್ರಾಕ್ಟೀಸ್ ಮ್ಯಾಚ್ ಇಟ್ಟಿದ್ರು. ಗ್ರೇಡಿ ಗೂಡಲ್ಲಿದ್ದ, ಶಿಕ್ಷೆ ಇನ್ನೂ ನಲವತ್ತೊಂದು ಸೆಕೆಂಡ್ ಬಾಕಿ... ಫಟ್ ಅಂತ ಕರೆಂಟ್ ಹೋಯ್ತು. ಮ್ಯಾಚ್ ನಿಲ್ಸಿ, ಎಲ್ಲರೂ ಮನೆಗೆ ಹೊರಡಿ ಅಂತ ಕೂಗಿದ್ರು, ಹುಡುಗ್ರು ಓಡಿದ್ರು. ಗ್ರೇಡಿ ಬಾಗಿಲ ಹತ್ರ ಬಂದ. ನಮ್ಮ ಮಹಾನುಭಾವರು ಏನ್ಮಾಡ್ಬೇಕು? ಚಿಲಕ ಹಿಡ್ಕೊಂಡು ನಿಂತುಬಿಟ್ರು. ಟೈಮ್ ಆಗಿಲ್ಲ, ಕೂತ್ಕೋ ಅಂತ! ಅರ್ಧ ತಮಾಷೆ, ಅರ್ಧ ಹಠ. ಅವನು ಗೋಗರೆದ, ಇವರು ಬಿಡಲಿಲ್ಲ. ಕಡೆಗೆ ಅವನು ನಕ್ಕು, ನಾಳೆ ಬಂದು ಕೂತು ಮುಗಿಸ್ತೀನಿ ಮಿಸ್ಟರ್ ಮಹಾ ಅಂತ ಹೇಳಿ, ಗಾಜಿಲ್ಲದ ಬದಿಯ ಕಟಾಂಜನ ಹತ್ತಿ ಹಾರಿ ಹೋದ.

ಅವನಿಗಿಂತ ಒಂದೇ ಒಂದು ನಿಮಿಷ ಮುಂಚೆ ಹೊರಟ ಹುಡುಗ್ರ ಕಾರು ಹೈವೇ ಸೇತುವೆ ಕೆಳಗಿಂದ ದಾಟ್ಕೊಂಡು ಹೋಯ್ತು. ಗ್ರೇಡಿ ಟ್ರಕ್ ದಾಟಲಿಲ್ಲ. ಅಷ್ಟರಲ್ಲಿ ನೀರು ಬಂದುಬಿಟ್ಟಿತ್ತು... ಮೂರು ದಿನದ ಮೇಲೆ ಸಿಕ್ಕಿದ. ಆ ಒಂದು ನಿಮಿಷ ಯಾರು ತಿಂದಿದ್ದು ಅಂತ ಯಾರೂ ಕೇಳಲಿಲ್ಲ. ಕೇಳಿದ್ರೆ ಚೆನ್ನಾಗಿತ್ತು, ಇವರೊಬ್ಬರೇ ಅದನ್ನ ಹೊಟ್ಟೇಲಿಟ್ಕೊಂಡು ಕೊರಗ್ತಿರಲಿಲ್ಲ.

ರಿಂಕಿಗೆ ನೀರು ನುಗ್ಗಿ ಟೀಮು ಮುಚ್ಚಿತು. ನಾವೂ ಮನೆ ಮಾರಿ ಇಲ್ಲಿಗೆ, ಚಿತ್ರಾ ಹತ್ರ ಬಂದ್ವಿ. ಎರಡು ವರ್ಷ ಇವರು ಸರಿಯಾಗಿ ಊಟ ಮಾಡಿದ್ದು ನಾನ್ ನೋಡಿಲ್ಲ. ಆಮೇಲೆ ಯಾರೋ ಆ ಟೀಮಿನ ಹೆಸರು ಕೊಂಡ್ಕೊಂಡು, ಹಳೇ ಕಟಾಂಜನ, ಗಾಜು ಎಲ್ಲ ಟ್ರಕ್ಕಲ್ಲಿ ಹೇರ್ಕೊಂಡು ಬಂದು ಇಲ್ಲೇ ಪಕ್ಕದ ಜಾರ್ಜ್‌ಟೌನಲ್ಲಿ ಹೊಸ ರಿಂಕ್ ಕಟ್ಟಿದ್ರು. ಇವರನ್ನ ಬಲವಂತವಾಗಿ ನಾನೇ ಕರ್ಕೊಂಡ್ ಹೋದೆ, ಮನಸ್ಸು ಹಗುರಾಗಲಿ ಅಂತ. ನೋಡ್ತೀವಿ... ಅದೇ ಬಾಗಿಲು. ಚಿಲಕದ ಸಂದೀಲಿ ನಮ್ಮ ಕುಂಕುಮ ಹಾಗೇ ಅಂಟ್ಕೊಂಡಿದೆ.

ಅಲ್ಲಿ ಗಡಿಯಾರ ನಡೆಸ್ತಿದ್ದೋನು ಈ ನಮ್ಮ ವಿಶ್ವಾಸು. ಕನ್ನಡ ಕೇಳಿದ್ದೇ ತಡ ಓಡಿ ಬಂದ. ಬಂದು ಹೇಳಿದ, ಅಂಕಲ್, ಇಲ್ಲೊಂದು ವಿಚಿತ್ರ ಇದೆ, ಯಾರ ಶಿಕ್ಷೆ ಮುಗಿದ್ರೂ ಗಡಿಯಾರ ಸೊನ್ನೆಗೆ ಬಂದು ಆಮೇಲೆ ತಾನಾಗೇ ನಲವತ್ತೊಂದು ತೋರಿಸತ್ತೆ, ಎಲೆಕ್ಟ್ರಿಷಿಯನ್ ಮೂರು ಸಲ ಬಂದು ಹೋದ. ಗೂಡಿಗೆ ಬಂದ ಹುಡುಗ್ರೂ ಬೆಂಚಿನ ತುದೀಲೇ ಕೂತ್ಕೋತಾರೆ, ಪಕ್ಕದಲ್ಲಿ ಯಾರಿಗೋ ಜಾಗ ಬಿಟ್ಟ ಹಾಗೆ. ಇವರು ಆ ಚಿಲಕ ಮುಟ್ಟಿ ನೋಡಿದ್ರು. ನನ್ನ ಕೈ ಹಿಡ್ಕೊಂಡು ಹೇಳಿದ್ದಿಷ್ಟೇ. "ಸುಶೀಲಾ, ಅವನು ಬಂದು ಕೂತಿದಾನೆ. ನಾನು ಬಾಗಿಲು ತೆಗೀಬೇಕು."

ಸುಶೀಲಮ್ಮ ಮಾತು ನಿಲ್ಲಿಸಿ ನೀರು ಕೇಳಿದರು. ಗಾಳಿ ಮನೆಯನ್ನೊಮ್ಮೆ ಅದುಮಿ ಬಿಟ್ಟಿತು. "ಅಜ್ಜಿ, ಈಸ್ ದಿಸ್ ಫಾರ್ ರಿಯಲ್?" ಎಂದು ಶ್ರೇಯಾ ಕೇಳಿದ್ದಕ್ಕೆ ಅವರು ವಿಶ್ವಾಸನ ಕಡೆ ಕೈ ತೋರಿಸಿದರು. ತಾನು ಅಲ್ಲೇ ಇದ್ದೆ ಎಂದು ವಿಶ್ವಾಸ್ ಮೆಲ್ಲಗೆ ಹೇಳಿದ.

ಹೂಂ, ಇದ್ದ. ಒಂದು ಭಾನುವಾರ, ಮ್ಯಾಚ್ ಮುಗಿದು ಜನ ಎಲ್ಲ ಹೋದ್ಮೇಲೆ, ಐಸಿಗೆ ಹೊಸದಾಗಿ ನೀರು ಹೊಯ್ದು ಕನ್ನಡಿ ತರ ಮಾಡಿದ್ರು, ಒಂದು ಗೀರಿಲ್ಲ. ನಾವು ಮೂರೇ ಜನ. ಇವರು ಚಿಲಕ ಹಿಡ್ಕೊಂಡು ನಿಂತ್ರು. ವಿಶ್ವಾಸು ಆ ನಲವತ್ತೊಂದನ್ನ ಓಡಿಸಿದ. ನಾನು ಬೆಂಚನ್ನೇ ನೋಡ್ತಿದ್ದೆ... ಖಾಲಿ ಬೆಂಚು. ಆದ್ರೆ ಎದುರಿಗಿನ ಗಾಜಿನ ಮೇಲೆ ಉಸಿರಿನ ಮಂಜು ಕೂರೋದು, ಹೋಗೋದು, ಮತ್ತೆ ಕೂರೋದು. ಯಾರ ಉಸಿರು, ಹೇಳಿ? ಮೂರು, ಎರಡು, ಒಂದು... ಇವರು ಚಿಲಕ ಎಳೆದ್ರು.

ಸರ್ರ್ ಅಂತ ಸದ್ದು. ನೋಡನೋಡ್ತಾ ಐಸ್ ಮೇಲೆ ಬಾಗಿಲಿಂದ ಒಂದು ಬಿಳೀ ಗೆರೆ ಎದ್ದು ಹೊರಟಿತು. ಯಾರೂ ಇಲ್ಲ, ಗೆರೆ ಮಾತ್ರ... ಏನ್ ವೇಗ, ಏನ್ ಚೆಂದ ಅಂತೀರಿ! ಇಡೀ ರಿಂಕು ಒಂದು ಸುತ್ತು ಹೊಡೆದು, ಆ ಕಡೆ ದೊಡ್ಡ ಗೇಟಿತ್ತಲ್ಲ, ಹೊರಗೆ ಹೋಗೋದು, ಅದರ ಕಡೆಗೆ ನೆಟ್ಟಗೆ ಹೊರಟಿತು. ಹೆದರಿಕೆ ಅಂತೀರಾ? ನನಗೆ ಕೈ ಮುಗೀಬೇಕು ಅನ್ನಿಸ್ತು. ಇವರ ಕಣ್ಣಲ್ಲಿ ಧಾರಾಕಾರ ನೀರು. ಆ ಸಂತೋಷದಲ್ಲಿ, ಕೈ ಎತ್ತಿ, ಬಾಯ್ತುಂಬ ಏನಂದ್ರು ಗೊತ್ತಾ? "ಹೋಗಿ ಬಾ ಮಗಾ."

ಮತ್ತಿನ್ನೇನಂತಾರೆ? ನಮ್ಮಲ್ಲಿ ಹೊರಟು ನಿಂತೋರಿಗೆ ಯಾರಾದ್ರೂ ಬರೀ ಹೋಗು ಅಂತೀವಾ? ಶತ್ರುಗೂ ಅನ್ನಲ್ಲ. ಆ ಮಿನೆಸೋಟಾ ಹುಡುಗನಿಗೆ ಕನ್ನಡ ಹೇಗೆ ತಿಳೀತೋ, ಸತ್ತೋರಿಗೆ ಎಲ್ಲ ಭಾಷೆನೂ ತಿಳಿಯತ್ತೋ ಏನೋ... ಗೇಟಿನ ಹೊಸ್ತಿಲಲ್ಲಿ ಗೆರೆ ಗಕ್ಕಂತ ನಿಂತಿತು. ತಿರುಗಿತು. ಬಂದ ದಾರೀಲೇ ವಾಪಸ್ ಬಂದು, ಇವರ ಕಾಲ ಬುಡದಲ್ಲಿ ಐಸ್ ಪುಡಿ ಎರಚಿ ನಿಂತಿತು. ಮೇಲೆ ನೋಡಿದ್ರೆ ಗಡಿಯಾರದಲ್ಲಿ ಮತ್ತೆ ನಲವತ್ತೊಂದು.

ಅಯ್ಯೋ, ಇನ್ನೊಂದ್ಸಲ ಬಾಗಿಲು ತೆಗೆದು ಹೋಗು ಅಂತ ಹೇಳಿಬಿಡಿ, ಹುಡುಗ ಮುಕ್ತಿ ಕಾಣಲಿ ಅಂತ ನಾನು ಬಡ್ಕೊಂಡೆ. ಪ್ರಯತ್ನ ಪಟ್ರು ಪಾಪ. ಪ್ರತೀ ಮ್ಯಾಚ್ ಆದ್ಮೇಲೂ ನಿಂತು ಬಾಯಿ ತೆಗೀತಿದ್ರು, ಹೋ ಅಂತ ಶುರು ಮಾಡಿ, ಹೋಗಿ ಬಾ ಅಂತಲೇ ಮುಗಿಸೋರು. ನನ್ನಿಂದಲೇ ಸತ್ತೋನಿಗೆ ನಾನೇ ಹೋಗು ಅನ್ನಲಾ ಅಂತ ಅಳ್ತಿದ್ರು. ನಾಲ್ಕು ವರ್ಷ ಹೀಗೇ. ಅವನು ಸುತ್ತು ಹೊಡೆದು ಬರೋನು, ಇವರು ಕಾಯ್ಕೊಂಡಿರೋರು.

ಹೋದ ವರ್ಷ ಟೀಮನ್ನ ಡಾಲಸ್ಸಿನೋರು ತಗೊಂಡ್ರು, ಬಾಗಿಲು ಮತ್ತೆ ಟ್ರಕ್ ಹತ್ತಿತು. ಅದೇ ವಾರ ಇವರಿಗೆ ಎದೆನೋವು ಬಂತು. ಈ ಮನೆ ಮುಂದೇನೇ, ಆಂಬುಲೆನ್ಸಿಗೆ ಹಾಕೋವಾಗ ನನ್ನನ್ನ ನೋಡಿದ್ರು. ಬಾಗಿಲಲ್ಲಿ ನಿಂತ ನಾನು ಏನಂದಿರ್ತೀನಿ, ನೀವೇ ಹೇಳಿ. ಐವತ್ತನಾಲ್ಕು ವರ್ಷ ದಿನಾ ಹೇಳಿದ್ದನ್ನೇ ಹೇಳಿದೆ. ಹೋಗಿ ಬನ್ನಿ ಅಂದೆ. ಆಸ್ಪತ್ರೆ ಮುಟ್ಟೋ ಮುಂಚೆ ಪ್ರಾಣ ಹೋಗಿತ್ತು.

ಡಾಲಸ್ಸಿನೋರು ಆ ಬಾಗಿಲಿಗೆ ಯಾರನ್ನೂ ಇಟ್ಕೊಂಡಿಲ್ಲ. ಬೇಕಾಗಲಿಲ್ಲವಂತೆ. ಸೊನ್ನೆಗೆ ಸರಿಯಾಗಿ ಚಿಲಕ ತಾನೇ ಸರಿಯತ್ತೆ... ಒಂದು ಸೆಕೆಂಡು ಮುಂಚೆ ಇಲ್ಲ, ಆಮೇಲಿಲ್ಲ. ಮೂರು ಗಂಟೆ ಡ್ರೈವ್ ಮಾಡ್ಕೊಂಡು ವಿಶ್ವಾಸು ನನ್ನ ಕರ್ಕೊಂಡ್ ಹೋಗ್ತಾನೆ. ಮ್ಯಾಚ್ ಮುಗಿದ್ಮೇಲೆ ಗೆರೆ ಹೊರಡತ್ತೆ, ಈಗ ಅದರ ಪಕ್ಕದಲ್ಲಿ ಚಪ್ಪಲಿ ಹೆಜ್ಜೆನೂ ಹೊರಡತ್ತೆ. ಜಾರದೆ, ಎಡವದೆ, ಸ್ಕೇಟಿನ ಸಮಕ್ಕೆ ಓಡತ್ತೆ ಕಣ್ರೀ, ಆ ಮಂಡಿನೋವಿನ ಮನುಷ್ಯ! ಗೇಟಿನ ತನಕ ಹೋಗಿ ಎರಡೂ ತಿರುಗಿ, ನಾನು ನಿಂತಿರೋ ಕಡೆ ಬಂದು ನಿಲ್ತವೆ.

ಈ ವಿಶ್ವಾಸು ಪ್ರತೀ ಸಲ ನನ್ನ ಕಾಲು ಹಿಡೀತಾನೆ. ಆಂಟಿ, ನೀವು ಒಂದೇ ಒಂದು ಸಲ ಹೋಗಿ ಅಂದ್ರೆ ಸಾಕು, ಇಬ್ಬರಿಗೂ ಬಿಡುಗಡೆ ಆಗತ್ತೆ ಅಂತಾನೆ. ಅವನು ಹೇಳೋದು ನಿಜ. ಇವರಿಗೆ ಬಾಯಿ ಬರಲಿಲ್ಲ, ನನಗೆ ಚೆನ್ನಾಗೇ ಬರತ್ತೆ. ಶನಿವಾರ ಮತ್ತೆ ಮ್ಯಾಚಿದೆ, ಗಡಿಯಾರ ನಲವತ್ತೊಂದು ತೋರಿಸತ್ತೆ, ನಾನು ಆ ಬಾಗಿಲ ಹತ್ರ ಹೋಗಿ ನಿಂತ್ಕೋತೀನಿ...

ಆದ್ರೆ ನಾನು ಹೇಳಲ್ಲ.