ಕಲ್ಲಿದ್ದಲಿನಾಗ ಜಾರಿದ ಲಿಂಗ

ಹಂಗಲ್ಲವ್ವ, ನಾ ದುಡಿದ ಆ ರೈಲು ಎಂಜಿನ್ ನಮ್ಮ ದೇಶದ್ದಲ್ಲ, ಅಮೆರಿಕಾದ್ದು. ಎರಡನೇ ಮಹಾಯುದ್ಧದಾಗ ನಮ್ಮ ಸಣ್ಣ ಹಳಿಗಂತನ ಮಾಡಿ ಹಡಗಿನ್ಯಾಗ ಕಳಿಸಿದ್ರಂತ. ಯುದ್ಧ ಮುಗೀತು, ಅದು ಬಳ್ಳಾರಿಯಾಗ ಉಳೀತು. ಈಗ ಆ ಸಣ್ಣ ಹಳಿ ಕಿತ್ತು ದೊಡ್ಡವು ಹಾಕ್ಯಾರ, ಆದ್ರ ನೀವು ಹೊಸಪೇಟಿಗೆ ಹೋಗ್ತೀರಲ್ಲ, ಅದ ದಾರಿ. ನಾನು ಕುರುಗೋಡಿಂದ ಬಂದು ಫೈರ್‌ಮನ್ ಆಗಿದ್ದೆ, ಅಂದ್ರ ಎಂಜಿನ್ ಒಲಿಗೆ ಕಲ್ಲಿದ್ದಲು ಹಾಕಾಂವ. ಡ್ರೈವರು ಸಿರುಗುಪ್ಪದ ಖಾದರ್ ಸಾಬ್ರು, ಮಾತು ಕಮ್ಮಿ. ಕಮ್ಮಿ ಅಂದ್ರ ಕಮ್ಮಿ ಅಲ್ಲ, ಎಂಜಿನ್ ಜೋಡಿ ಭಾಳ ಮಾತಾಡ್ತಿದ್ರು, ನನ್ನ ಜೋಡಿ ಕಮ್ಮಿ.

ಒಂದಿನ ಬಳ್ಳಾರಿ ಬಿಟ್ಟು ಕುಡತಿನಿ ಕಡೆ ಹೊಂಟೀವಿ, ಬೆವರು ಒರಸಾಕ ಎದಿ ಮುಟ್ಟಿದ್ರ ಕೊರಳಾಗಿನ ಲಿಂಗ ಇಲ್ಲ. ಅದನ್ನ ಕಟ್ಟಿದ್ದ ಶಿವದಾರ ಸವದಿತ್ತು, ನಾಳಿ ಬದಲಿಸಿದ್ರಾತು ಅಂತ ದಿನಾ ದೂಡಿದ್ದೆ ನೋಡ್ರಿ. ಬೆಳ್ಳಿ ಕರಡಿಗಿ ಸಮೇತ ಕಲ್ಲಿದ್ದಲಿನಾಗ ಜಾರೇತಿ. ಇಲ್ಲಾಂದ್ರ ನಾನಽ ಸಲಿಕಿ ತುಂಬಿ ಬೆಂಕಿಗೆ ಹಾಕೀನಿ. ಸಲಿಕಿ ಕೆಳಗಿಟ್ಟು ನಿಂತುಬಿಟ್ಟೆ.

"ಯಾಕಲೇ ನಿಂತಿ? ಒಲಿ ಆರತೈತಿ."

"ಲಿಂಗ ಬಿದ್ದೈತ್ರಿ ಸಾಬ್ರ."

ಅವರು ನನ್ನ ಮಾರಿ ನೋಡಿ ನೀರಿನ ಹೂಜಿ ಚಾಚಿದ್ರು. "ಮೊದಲು ಎರಡು ಗುಟುಕು ಕುಡಿ."

"ಅದು ಸಿಗೋತನಕ ನೀರು ಮುಟ್ಟಂಗಿಲ್ರಿ."

"ಹಂಗಾದ್ರ ಒಂದೊಂದು ಕಲ್ಲಿದ್ದಲಿನ ಹೆಂಟಿನೂ ಕೈಲೆ ನೋಡಿ ಹಾಕು. ಆವಿ ಕಮ್ಮಿಯಾದ್ರ ನಾನದೀನಿ."

ಗಾಡಿ ತೆವಳಿಕೋಂತ ಕುಡತಿನಿ ಮುಟ್ಟಿತು. ಅಲ್ಲಿನ ಕೊಳವಿಯಿಂದ ಎಂಜಿನ್‌ಗೆ ನೀರು ಬಿಟ್ಟು, ಸಾಬ್ರು ಅಂಗಿ ತೋಳು ಮಡಚಿ ನನ್ನ ಜೋಡಿ ಕಲ್ಲಿದ್ದಲಿನಾಗ ಮೊಣಕಾಲೂರಿದ್ರು. ನಾನು ಶಿವಾ ಶಿವಾ ಅಂತೀನಿ, ಅವರು ಕೆದರ್ತಾರ. ಗಾರ್ಡ್ ಗಡಿಯಾರ ಹಿಡಕೊಂಡು ಓಡಿ ಬಂದ.

"ಎಷ್ಟೊತ್ತ್ರೀ ಸಾಬ್ರ? ನೀರು ತುಂಬಿ ಹೊರಗ ಹರ್ಯಾಕತ್ತೈತಿ."

"ಅಮೆರಿಕಾದ ಎಂಜಿನ್ನಪ್ಪ, ನಮ್ಮೂರ ನೀರು ರುಚಿ ಹತ್ತೈತಿ. ತಡ ನನ್ನ ಹೆಸರಿಗೆ ಬರಕೋ."

ಅಷ್ಟರಾಗ ಅವರ ಕೈ ನಿಂತಿತು. ಕರಿ ಪುಡಿಯಾಗ ಬೆಳ್ಳಿ ಮಿಣಕ್ ಅಂತು. ಎತ್ತಲಿಲ್ಲ, ಸುತ್ತಲಿನ ಹೆಂಟಿ ಅಷ್ಟಽ ಸರಿಸಿದ್ರು. "ನಿನ್ನ ದೇವರು. ನೀನಽ ತಗೋ."

ಹೋದ ಜೀವ ಬಂತ್ರವ್ವ. ಕೊಳವಿ ಕೆಳಗ ಮೈತೊಳಕೊಂಡು, ಅಲ್ಲೇ ನಿಂತು ಅಂಗೈಯಾಗ ಪೂಜಿ ಮಾಡಿದೆ. ಸಾಬ್ರು ಸೀಟಿ ಹೊಡೀಲಾರದ ಕಾದ್ರು. ಆಮ್ಯಾಲೆ ಕುಡಿದ ಆ ಎರಡು ಗುಟುಕು ನೀರು, ಅಷ್ಟು ತಂಪು ನಾ ಮತ್ತ ಕಂಡಿಲ್ಲ.

ಅದಕ್ಕ ಹೇಳ್ತೀನಿ, ಯಾರರ ಕಳಕೊಂಡಿದ್ದು ಹುಡುಕ್ತಿದ್ರ ಅದೆಷ್ಟು ಬೆಲೀದಂತ ಕೇಳಬ್ಯಾಡ್ರಿ. ಬಗ್ಗಿ ಹುಡುಕ್ರಿ. ಹೋಗ್ರಿ, ಉಣ್ಣಾಕ ಕರೀತಾರ.