ಲಾಲಮ್ಮನ ಪಹಣಿ

ಶಹಾಪುರದ ತಹಸೀಲ್ ಕಚೇರಿಯಲ್ಲಿ ಪಹಣಿ ಕೊಡುವ ಕಿಟಕಿಯ ಮುಂದೆ ಉದ್ದ ಸಾಲಿತ್ತು. ಭಾಗಮ್ಮ ಟೀಚರ ಮುಂದೆ ಒಬ್ಬ ಮುದುಕಿ ಮತ್ತು ಅವಳ ಮಗ ನಿಂತಿದ್ದರು. ಇಬ್ಬರಿಗೂ ದನಿ ತಗ್ಗಿಸಿ ಗೊತ್ತಿರಲಿಲ್ಲ.

“ನಿನ್ನ ತಂಗಿ ಗಂಡ ಸತ್ತು ರಂಡಿಮುಂಡಿ ಆಗಿ ಕುಂತಾಗ ಆ ಮರೆಪ್ಪ ಎಲ್ಲಿದ್ದ? ಹೊಲಕ್ಕ ಕಾಲುವಿ ನೀರು ಬಂದಮ್ಯಾಲ ಆಕಿ ಮನಿ ಹೊಕ್ಕಾನ.”

“ಹೊಲ ಯಾರ ಹೆಸರಿಗೈತಿ ಅಂತ ನೋಡಾಕ ಬಂದೀವಲ್ಲ, ಸುಮ್ನ ನಿಂದ್ರಬೇ.”

ಹಾಳೆ ಕೈಗೆ ಬಂತು. ಮಗ ಬೆರಳಿಟ್ಟು ಓದತೊಡಗಿದ. ಭಾಗಮ್ಮ ತನ್ನ ಸರ್ವೆ ನಂಬರ್ ಮರೆತು ಕಿವಿಗೊಟ್ಟಳು.

“ಅವನ ಹೆಸರು ಐತೇನು?”

“ಐತಿ.”

“ನುಂಗಿದ ನೋಡು ಹೊಲ!”

“ಇಲ್ಲಬೇ, ಹೊಲ ತಂಗಿದ ಐತಿ. ‘ಲಾಲಮ್ಮ ಗಂಡ ಮರೆಪ್ಪ’ ಅಂತ ಬರದಾರ.”

“ಗಂಡ ತಿಮ್ಮಣ್ಣ ಅಂತ ಇತ್ತಲ್ಲೋ?”

“ಸತ್ತವನ ಹೆಸರು ತೆಗಸ್ಯಾಳ. ಇವಂದು ಹಾಕಸ್ಯಾಳ.”

ಮುದುಕಿ ಹಾಳೆಯ ಮೇಲೆ ಬಾಗಿದಳು.

“ಅಂದ್ರ ಲಗ್ನ ಆಗ್ಯಾಳ?”

“ಆಗಿರಬೇಕು. ಹೊಲ ಉಳೀತಲ್ಲ, ಅಷ್ಟ ಸಾಕು.”

ಮುದುಕಿ ಆಗಲೇ ಸಾಲು ಬಿಟ್ಟು ನಡೆದಿದ್ದಳು. ಬಾಗಿಲ ಹತ್ತಿರ ಅವಳ ದನಿ ಕೇಳಿಸಿತು.

“ಸರಕಾರಕ್ಕ ಹೇಳ್ಯಾಳ, ಹಡದವ್ವಗ ಹೇಳಿಲ್ಲ.”